ಸಹಾಯ ಬೇಕು: 120×75 ಸೆಂ.ಮೀ ಹಲಗೆಗೆ ಎನ್ ಸ್ಕೇಲ್ (1:160 ಅಳತೆಯ ಮಾದರಿ ರೈಲು) ಟ್ರ್ಯಾಕ್ ಪ್ಲಾನ್

ಎಲ್ಲರಿಗೂ ನಮಸ್ಕಾರ. ಜಾಗ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆ. ಹಲಗೆ ದಿವಾನದ ಕೆಳಗೆ ಹೋಗಬೇಕು. ಹೊರ ತಿರುವಿನ ತ್ರಿಜ್ಯ 315 ಮಿ.ಮೀ, ಒಳಗಿನದು 282. ಒಂದೇ ಹಳಿ ಎರಡು ಸುತ್ತು ಬಂದು ತನ್ನನ್ನೇ ಮೇಲಿನಿಂದ ದಾಟುವ ಪ್ಲಾನ್. ಹೊರಸುತ್ತು ಸುಮಾರು 2.9 ಮೀಟರ್.

ತೊಡಕು ಏರಿನದು. ಸೇತುವೆಗೆ 50 ಮಿ.ಮೀ ಏರಬೇಕು. ಸ್ಟೇಷನ್ ಸಮತಟ್ಟಾಗಿ 1.4 ಮೀಟರ್ ತಿನ್ನುತ್ತದೆ, ಏರಿನ ಎರಡೂ ತುದಿಗಳನ್ನು ನಯವಾಗಿಸಲು 20 ಸೆಂ.ಮೀ ಬೇಕು. ಉಳಿಯುವುದು 1.3 ಮೀಟರ್, ಅಂದರೆ 26ಕ್ಕೆ 1 (26 ಮಿ.ಮೀ ಸಾಗಿದರೆ 1 ಮಿ.ಮೀ ಏರು). ಗೋವಾಕ್ಕೆ ಇಳಿಯುವ ನಿಜವಾದ ಬ್ರಗಾಂಜಾ ಘಾಟಿನ ರೈಲು ಹಾದಿಯೇ 37ಕ್ಕೆ 1! ಮೇಲಾಗಿ ಇಡೀ ಏರು ತಿರುವಿನಲ್ಲೇ. ಗಾಲಿ ಹಳಿಯ ಅಂಚಿಗೆ ಉಜ್ಜಿ ಎಳೆತ ಇನ್ನೂ ಹೆಚ್ಚುತ್ತದೆ.

ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೆಯ ವಿನ್ಯಾಸದ) ಬೋಗಿ ಈ ಅಳತೆಯಲ್ಲಿ 139 ಮಿ.ಮೀ. ಐದರ ಬದಲು ಮೂರೇ ಬೋಗಿ ಎಂದರೆ ಸ್ಟೇಷನ್ನಿನ ಲೂಪ್ (ರೈಲು ನಿಲ್ಲುವ ಪಕ್ಕದ ಹಳಿ) 28 ಸೆಂ.ಮೀ ಕುಗ್ಗಿ, ಏರು 32ಕ್ಕೆ 1 ಆಗುತ್ತದೆ. ಹಗುರ ಇಂಜಿನ್‌ಗೆ ಇಷ್ಟು ಸಾಕೇ, ಅಥವಾ ಸೇತುವೆ ಬಿಟ್ಟು ಸಮತಟ್ಟಿನಲ್ಲೇ ಡೈಮಂಡ್ ಕ್ರಾಸಿಂಗ್ (ಹಳಿಗಳು ಒಂದನ್ನೊಂದು ಅಡ್ಡ ದಾಟುವ ತುಂಡು) ಹಾಕುವುದೇ?

ಇನ್ನೊಂದು: ಲೂಪಿನ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ತಿರುವಿಗೆ ಅಂಟಿಕೊಂಡಿದೆ. ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗಿದರೆ ಉದ್ದ ಬೋಗಿಗಳ ಕೊಂಡಿಗಳು ಎದುರುಬದುರು ಎಳೆದು ಹಳಿ ತಪ್ಪಿಸುತ್ತವೆ. ನಡುವೆ ಒಂದು ಬೋಗಿಯಷ್ಟು ನೇರ ಹಳಿಗೆ ಜಾಗವಿಲ್ಲ, 62 ಮಿ.ಮೀ ತುಂಡು ಸಾಕಾದೀತೇ? ಓಡಿಸಿ ನೋಡಿದವರು ತಿಳಿಸಿ.