ಸಹಾಯ ಬೇಕು: ಕತ್ತಿನ ಸಿ5-ಸಿ6 ಮೂಳೆಗಳದ್ದು ಸಬ್‌ಲಕ್ಸೇಶನ್ನೋ (ಸ್ವಲ್ಪ ಜಾರಿದ್ದೋ), ಡಿಸ್‌ಲೊಕೇಶನ್ನೋ (ಪೂರ್ತಿ ಜಾರಿದ್ದೋ)?

ಇಲ್ಲಿ ಮೆಡಿಕಲ್ ಕೋಡಿಂಗ್ (ರೋಗಿಯ ದಾಖಲೆ ನೋಡಿ ಕಾಯಿಲೆಗೆ ಕೋಡ್ ಹಾಕುವ ಕೆಲಸ) ಮಾಡುವವರು ಯಾರಾದರೂ ಇದ್ದೀರಾ? ಅಮೆರಿಕದ ಚಾರ್ಟ್, ಕೋಡ್ ಪಟ್ಟಿ ಐಸಿಡಿ-10-ಸಿಎಂ. ಕಾರು ಅಪಘಾತದ ಕೇಸು. ಸಿಟಿ ರಿಪೋರ್ಟಿನಲ್ಲಿ ಸಿ5-ಸಿ6 ಹತ್ತಿರ 'ಪರ್ಚ್ಡ್ ಫ್ಯಾಸೆಟ್' (ಮೇಲಿನ ಮೂಳೆಯ ಕೀಲು ಕೆಳಗಿನದರ ತುದಿಯ ಮೇಲೆ ಏರಿ ಕೂತಿರುವುದು) ಎಂದಿದೆ. ಡಾಕ್ಟರ್ ನೋಟಿನಲ್ಲಿ ಮಾತ್ರ ಸುಮ್ನೆ 'ನೆಕ್ ಇಂಜುರಿ', ಅಷ್ಟೇ!

ಸಬ್‌ಲಕ್ಸೇಶನ್ ಆದರೆ ಎಸ್13.160, ಪೂರ್ತಿ ಜಾರಿದ್ದರೆ ಎಸ್13.161. ರಿಪೋರ್ಟ್ ನೋಡಿ ನಾವೇ ತೀರ್ಮಾನ ಮಾಡುವಂತಿಲ್ಲ, ಅಲ್ವಾ? ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಲೇಬೇಕು. ಆದರೆ ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಿದಂತೆ ಇರಬಾರದು. ಒಕ್ಕಣೆ ಹೇಗಿರಬೇಕು? ಮಾದರಿ ಇದ್ದರೆ, ರೋಗಿಯ ವಿವರ ತೆಗೆದು ಹಾಕಿ ಕಳಿಸಿ.

ಆಪರೇಷನ್ ಇದೇ ಆಸ್ಪತ್ರೆಯಲ್ಲಿ ಆಗಿದೆ, ಹಾಗಾಗಿ ಕೋಡಿನ ಏಳನೇ ಅಕ್ಷರ 'ಎ' (ಗಾಯಕ್ಕೆ ಸಕ್ರಿಯ ಚಿಕಿತ್ಸೆ ಎಂಬ ಗುರುತು). ಅದರಲ್ಲಿ ಗೊಂದಲವಿಲ್ಲ. ಕೈ ಜೋಮು ಎಂದೂ ನರ್ಸ್ ಬರೆದಿದ್ದಾರೆ. ನರಕ್ಕೆ ಪೆಟ್ಟಾಗಿದೆಯೇ, ಎಸ್14 (ಕತ್ತಿನ ಭಾಗದ ನರ, ಬೆನ್ನುಹುರಿ ಗಾಯದ ಕೋಡ್) ಬೇಕೇ ಎಂಬುದನ್ನೂ ಇದೇ ಕ್ವೆರಿಯಲ್ಲಿ ಕೇಳಬಹುದಾ?