ಕೈತೋಟದ ಹೂವಲ್ಲೇ ಹೋಮ್‌ಸ್ಟೇ ಅಲಂಕಾರ: ಮಾಡಿ ನೋಡಿದವರು ಹೇಳಿ

ಹೊಸನಗರದ ಹೊಸಬ: ನಮ್ಮದು 8 ಕೋಣೆಯ ಹೋಮ್‌ಸ್ಟೇ. ವಾರಕ್ಕೆರಡು ಸಲ ಶಿವಮೊಗ್ಗದಿಂದ ಜರ್ಬೆರಾ, ಗುಲಾಬಿ ಬಸ್ಸಿಗೆ ಹಾಕಿಸಿಕೊಳ್ಳುತ್ತೇವೆ. ಮುಂದಿನ ಮಳೆಗಾಲದಿಂದ ಮನೆಯ ಹೂವನ್ನೇ ಇಡೋಣ ಅಂತ ಆಸೆ. ಅರ್ಧ ಎಕರೆ ಜಾಗ ಇದೆ. ವರ್ಷವಿಡೀ ಆದೀತಾ? ಡಿಸೆಂಬರ್ ಕೊನೆಯ ವಾರ ಎಲ್ಲ ಕೋಣೆ ತುಂಬಿರುತ್ತೆ, ಆಗ ಯಾವ ಹೂ ಸಿಗುತ್ತೆ?

ತೀರ್ಥಹಳ್ಳಿ ಕಡೆಯವಳು: ಡೇರೆ ಹೂ (ಡೇಲಿಯಾ) ಹಾಕಿ, ಬೇರೆ ಮಾತೇ ಬೇಡ. ನಮ್ಮ 5 ಕೋಣೆಗೆ ಆಗಸ್ಟ್‌ನಿಂದ ದಸರಾವರೆಗೆ ಒಂದು ಹೂವನ್ನೂ ದುಡ್ಡು ಕೊಟ್ಟು ತರುವುದಿಲ್ಲ. ಹಾಗಂತ ಸುಮ್ನೆ ಬಂದಿದ್ದಲ್ಲ. ಮೊದಲ ವರ್ಷ ನೆಲದಲ್ಲೇ 140 ಗೆಡ್ಡೆ ನೆಟ್ಟೆ. ಒಂದಕ್ಕೆ 60 ರೂಪಾಯಿ, ಒಟ್ಟು 8,400. ಪುನರ್ವಸು ಮಳೆಗೆ ನೀರು ನಿಂತು 90 ಕೊಳೆತವು. ಉಳಿದ 50ರಲ್ಲಿ ಮುಳ್ಳುಹಂದಿ ಒಂದೇ ರಾತ್ರಿ 17 ಕೆದರಿತು. ಬೆಳಿಗ್ಗೆ ಹೋದರೆ ಕೆಸರಿನಲ್ಲಿ ಹಲ್ಲು ಮೂಡಿದ ಅರ್ಧರ್ಧ ಗೆಡ್ಡೆ. "ಆ ದುಡ್ಡಿಗೆ ಒಂದು ಕರು ಬರ್ತಿತ್ತು" ಅಂದರು ಅತ್ತೆ. ಆ ಮಾತು ಇನ್ನೂ ಚುಚ್ಚುತ್ತೆ.

ಈಗ ಎಲ್ಲ ಸಿಮೆಂಟ್ ಚೀಲದಲ್ಲಿ, ಪ್ಲಾಸ್ಟಿಕ್ ಮಾಡಿನ ಕೆಳಗೆ. ಪೂರ್ತಿ ಅರಳಿದ್ದನ್ನೇ ಕೊಯ್ಯಬೇಕು, ಮೊಗ್ಗು ಕೊಯ್ದರೆ ಹಾಗೇ ಬಾಡುತ್ತೆ. ಬೆಳಗಿನ ಆರಕ್ಕೆ ಕೊಯ್ದು, ಬಕೆಟ್ ನೀರಿನಲ್ಲಿ ದಂಟು ಮುಳುಗಿಸಿ ಎರಡು ಗಂಟೆ ಅಕ್ಕಿ ಕೋಣೆಯ ಕತ್ತಲಲ್ಲಿ ಇಡುತ್ತೇನೆ. ಆಮೇಲೆ ಉರುಳಿಯಲ್ಲಿ (ಅಗಲ ಬಾಯಿಯ ಪಾತ್ರೆ) ಬಾಳೆದಿಂಡಿನ ತುಂಡು ಇಟ್ಟು, ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ಸಿಕ್ಕಿಸುವುದು. ಡೇರೆಯ ದಂಟು ಪೊಳ್ಳು, ನೇರ ಚುಚ್ಚಿದರೆ ಮಡಚಿಕೊಳ್ಳುತ್ತೆ.

ಸಾಗರದ ತೋಟದವ: ಡೇರೆಯದು ನಾಲ್ಕು ದಿನದ ಬಾಳು ಮಾರಾಯ್ರೇ. ಆಂಥೂರಿಯಂ ಎರಡು ವಾರ ಅಲುಗಾಡುವುದಿಲ್ಲ. ಆದರೆ ನಾನು ತಿಂದ ಪೆಟ್ಟು ಕೇಳಿ. 300 ಗಿಡ, ಒಂದಕ್ಕೆ 85ರಂತೆ 25,500. ಅಡಿಕೆ ತೋಟದ ನೆರಳು ಇದೆಯಲ್ಲ, ನೆರಳುಬಲೆಯ ಖರ್ಚು ಉಳೀತು ಅಂತ ನನ್ನ ಜಾಣತನ. ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಕೊಳೆರೋಗಕ್ಕೆ ಬೋರ್ಡೋ, ಅಂದರೆ ತಾಮ್ರ ಇರುವ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆದ. ಗೊನೆಯಿಂದ ಸೋರಿದ್ದೆಲ್ಲ ಕೆಳಗೆ. ಕೆಂಪು ಹೂವಿನ ಮೇಲೆ ನೀಲಿ ಚುಕ್ಕೆ, ವಾರದಲ್ಲಿ ಎಲೆಯ ಅಂಚು ಸುಟ್ಟಹಾಗೆ. ಆಂಥೂರಿಯಂಗೆ ತಾಮ್ರ ಆಗಿಬರುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ನಾನು ಹೂ ಕೊಡುತ್ತಿದ್ದ ಹೋಟೆಲಿನವರು 60 ಹೂ ವಾಪಸ್ ಕಳಿಸಿದರು, ಆಟೋ ಬಾಡಿಗೆಯೂ ನನ್ನ ತಲೆಗೆ. ಆಮೇಲೆ ಬೇರೆ ಕಡೆ ಪೈಪು ನಿಲ್ಲಿಸಿ ನೆರಳುಬಲೆ ಕಟ್ಟಿಸಿದೆ, 62,000. ಏಪ್ರಿಲ್ ಗಾಳಿಗೆ ಅದರ ಮೇಲೆ ಹಲಸಿನ ಕೊಂಬೆ! ಆದರೂ ಆಂಥೂರಿಯಂ ಅಂತಲೇ ಹೇಳುತ್ತೇನೆ. ಸಿಮೆಂಟ್ ಚೀಲದ ಹೂ ಹವ್ಯಾಸ, ವ್ಯವಹಾರ ಅಲ್ಲ.

ತೀರ್ಥಹಳ್ಳಿ ಕಡೆಯವಳು: ಹವ್ಯಾಸವಾ? 25,500ಕ್ಕೆ 62,000 ಸೇರಿಸಿ. ಅಷ್ಟು ದುಡ್ಡಿಗೆ ಎಷ್ಟು ವರ್ಷ ಜರ್ಬೆರಾ ಬರುತ್ತಿತ್ತು ಅಂತ ನೀವೇ ಹೇಳಿ. ನಮ್ಮಲ್ಲಿ ಬಂದವರು ಡೇರೆ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಮ್ಮ ಮೇಣದ ಹೂವನ್ನು ಎಷ್ಟೋ ಜನ ಪ್ಲಾಸ್ಟಿಕ್ ಅಂದುಕೊಂಡು ಉಗುರಿನಿಂದ ಗೀರಿ ನೋಡುತ್ತಾರೆ.

ಸಾಗರದ ತೋಟದವ: ಗೀರಿದರೂ ಎರಡು ವಾರ ಇರುತ್ತೆ.

ರೆಸಾರ್ಟಿನಲ್ಲಿ 6 ವರ್ಷ: ಇಬ್ಬರೂ ದುಡ್ಡು ಹಾಕಿ ಜಗಳ ಆಡ್ತಿದ್ದೀರಿ. ಆಗುಂಬೆ ಕಡೆಯ ರೆಸಾರ್ಟಿನಲ್ಲಿ ಹೂ ಜೋಡಿಸುವುದೇ ನನ್ನ ಕೆಲಸವಾಗಿತ್ತು. ಬೇಸಿಗೆ ಹತ್ತಿರ ಬಂದಾಗ ಸುರಗಿ, ಅದು ಒಣಗಿದರೂ ಘಮ ಬಿಡುವುದಿಲ್ಲ. ತಟ್ಟೆಯಲ್ಲಿ ಹರಡಿ ಹಾಸಿಗೆ ಪಕ್ಕ ಇಟ್ಟರೆ ಸಾಕು. ಮಳೆಗಾಲಕ್ಕೆ ಸುರುಳಿ ಸುಗಂಧಿ. ಅದನ್ನು ಬೇಲಿ ಬುಡದ ಜೌಗಿನಲ್ಲಿ ನೆಟ್ಟು ಮರೆತುಬಿಡಿ. ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಾಡಿಂದ ಕಿತ್ತು ತಾ ಅಂತ ಮ್ಯಾನೇಜರ್ ಎರಡು ಸಲ ಹೇಳಿದರು, ನಾನು ಹೋಗಲಿಲ್ಲ. ಅರಣ್ಯದವರಿಗೆ ಸಿಕ್ಕಿಬೀಳುವುದು ನಾನು, ಅವರಲ್ಲ. ನನ್ನದೇ ತಪ್ಪು ಅಂದರೆ ಊಟದ ಮೇಜಿಗೆ ಗೌರಿ ಹೂ ಇಟ್ಟಿದ್ದು. ಬಂದವರಲ್ಲಿ ಒಬ್ಬರು ಡಾಕ್ಟರು, ಇದು ವಿಷ ಅಂತ ಎದ್ದೇಬಿಟ್ಟರು. ಅರ್ಧ ದಿನದ ಸಂಬಳ ಹೋಯಿತು.

ಸಿದ್ದಾಪುರದವಳು: ಗೌರಿ ಹೂ ವಿಷವಾ? ನನ್ನಜ್ಜಿ ಕಾಲದಿಂದ ದೇವರಿಗೆ ಇಡ್ತಿದ್ದೇವೆ! ಸುಮ್ನೆ ಹೆದರಿಸಬೇಡಿ.

ರೆಸಾರ್ಟಿನಲ್ಲಿ 6 ವರ್ಷ: ನೀವು ಹೇಳುತ್ತಿರುವುದು ಕರ್ಣಕುಂಡಲ. ನಾನು ಹೇಳಿದ್ದು ಬೇಲಿಗೆ ಹಬ್ಬುವ, ಬೆಂಕಿ ನಾಲಿಗೆಯಂಥ ಕೆಂಪು ಹಳದಿ ಹೂ, ಅಗ್ನಿಶಿಖೆ. ಅದರ ಗೆಡ್ಡೆ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.

ಸಿದ್ದಾಪುರದವಳು: ಹಾಗಾದರೆ ಅಗ್ನಿಶಿಖೆ ಅನ್ನಿ. ಗೌರಿ ಹೂ ಅಂದರೆ ಕರ್ಣಕುಂಡಲವೇ.

ಸಾಗರದ ತೋಟದವ: ನಮ್ಮಲ್ಲೂ ಅಗ್ನಿಶಿಖೆಗೇ ಗೌರಿ ಹೂ ಅನ್ನುವುದು. ಹೆಸರು ಗುತ್ತಿಗೆ ಹಿಡಿದಿದ್ದೀರಾ?

ಸಿದ್ದಾಪುರದವಳು: ಆಂಥೂರಿಯಂಗೆ ಬೋರ್ಡೋ ಕುಡಿಸಿದವರು ಹೂವಿನ ಹೆಸರು ಕಲಿಸಬೇಕಾ?

ಹೊಸನಗರದ ಹೊಸಬ: ಎಲ್ಲರಿಗೂ ಧನ್ಯವಾದ. ಡಿಸೆಂಬರ್‌ಗೆ ಏನು ಅಂತ ಯಾರೂ ಹೇಳಲಿಲ್ಲ…

ರೆಸಾರ್ಟಿನಲ್ಲಿ 6 ವರ್ಷ: ಸೇವಂತಿಗೆ. ಸಸಿ ಹಿಡಿದ ಮೇಲೆ ತುದಿ ಚಿವುಟಿ, ಕವಲು ಜಾಸ್ತಿ ಬರುತ್ತೆ. ಅಂಗಳದ ಲೈಟು ಅದರ ಮೇಲೆ ಬೀಳಬಾರದು. ರಾತ್ರಿ ಉದ್ದವಾದರೇ ಅದಕ್ಕೆ ಮೊಗ್ಗು. ನಮ್ಮ ಗೇಟಿನ ದೊಡ್ಡ ದೀಪದ ಕೆಳಗಿನ ಸಾಲು ಸೊಂಟದೆತ್ತರ ಬೆಳೆಯಿತು, ಕ್ರಿಸ್‌ಮಸ್ ಬಂದರೂ ಬರೀ ಎಲೆ. ಅದನ್ನು ನನ್ನ ತಲೆಗೇ ಕಟ್ಟಿದರು, ದೀಪ ಹಾಕಿಸಿದವರು ಬಾಯಿ ಬಿಡಲಿಲ್ಲ.

ತೀರ್ಥಹಳ್ಳಿ ಕಡೆಯವಳು: ಹೊಸಬರೇ, ಡೇರೆ ಗೆಡ್ಡೆಗೆ ದುಡ್ಡು ಕೊಡಬೇಡಿ. ಚೀಲ ಬಿಚ್ಚುವಾಗ ತಿಳಿಸುತ್ತೇನೆ, ಬಂದು ತಗೊಂಡು ಹೋಗಿ. ಬದಲಿಗೆ ನಿಮ್ಮ ಕಡೆಯ ಬೇರೆ ಬಣ್ಣದ್ದು ತನ್ನಿ, ಬಿಳಿ ನನ್ನಲ್ಲಿಲ್ಲ. ಸಾಗರದವರಿಗೆ ಮಾತ್ರ ಒಂದಕ್ಕೆ 60 ರೂಪಾಯಿ.