ಎರಡು ಲಕ್ಷದ ಕೈಚೀಲದಲ್ಲಿ ಹೊಲಿದವರ ಪಾಲೆಷ್ಟು?

ಕಾಳಿತೀರ (ಕಾರವಾರ):
ಕಾರವಾರದಲ್ಲಿ ನನ್ನದೊಂದು ಬ್ಯಾಗು ಹೊಲಿಯುವ ಅಂಗಡಿಯಿದೆ. ಚರ್ಮ, ಅಸ್ತರು, ಝಿಪ್ಪು, ಬಕಲು, ಕೂಲಿ ಎಲ್ಲವನ್ನೂ ಕೂಡಿಸಿ, ಮೇಲೆ ಸ್ವಲ್ಪ ಲಾಭವಿಟ್ಟು ಬೆಲೆ ಹೇಳುವುದು ನಮ್ಮ ಕ್ರಮ. ಅದಕ್ಕೂ ಗಿರಾಕಿಗಳು ಚೌಕಾಸಿ ಮಾಡುತ್ತಾರೆ. ಮಿಲಾನ್‌ನಲ್ಲಿ ಓದುತ್ತಿರುವ ಅಕ್ಕನ ಮಗಳು ಅಲ್ಲಿನ ಹೆಸರಾಂತ ಅಂಗಡಿಯ ಕೈಚೀಲವೊಂದರ ಚಿತ್ರ ಕಳಿಸಿದ್ದಾಳೆ. ಅದರ ಬೆಲೆ ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ. ಹೊಲಿಗೆ ನೇರವಾಗಿದೆ, ಅಂಚು ಒಪ್ಪವಾಗಿದೆ, ಆದರೆ ನಮ್ಮವರ ಕೈಲಿ ಆಗದಂಥದ್ದೇನೂ ನನಗೆ ಕಾಣಲಿಲ್ಲ. ಇಷ್ಟು ಹಣ ಯಾವ ಯಾವ ಬಾಬ್ತಿಗೆ ಹೋಗುತ್ತದೆ, ಹೊಲಿದವರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ವಿನಂತಿ.

ವಾಣಿಜ್ಯ ಮೇಷ್ಟರು (ಶಿರಸಿ):
ಇಂಥ ಪ್ರಶ್ನೆಗೆ ಕಂಪನಿಗಳು ಉತ್ತರ ಕೊಡುವುದಿಲ್ಲ, ಆದರೆ ಇಟಲಿಯ ನ್ಯಾಯಾಲಯದ ಕಡತಗಳಲ್ಲಿ ಸ್ವಲ್ಪ ಉತ್ತರವಿದೆ. 2024ರ ಜೂನ್‌ನಲ್ಲಿ ಮಿಲಾನ್ ನ್ಯಾಯಾಲಯವು ಫ್ಯಾಷನ್ ಕಂಪನಿ ಡಿಯೋರ್‌ನ ತಯಾರಿಕಾ ಘಟಕವೊಂದನ್ನು ತನ್ನ ಮೇಲ್ವಿಚಾರಣೆಗೆ ಒಳಪಡಿಸಿತು. ಉಪಗುತ್ತಿಗೆ ಪಡೆದ ಕಾರ್ಯಾಗಾರಗಳಲ್ಲಿ ಕಾರ್ಮಿಕರು ಅಲ್ಲಿಯೇ ಮಲಗಿ, ಕೆಲಸ ಬೇಗ ಸಾಗಲೆಂದು ಸುರಕ್ಷಾ ಸಾಧನ ತೆಗೆದುಹಾಕಿದ ಯಂತ್ರಗಳ ಮುಂದೆ ದುಡಿಯುತ್ತಿದ್ದರೆಂದು ತನಿಖೆ ಹೇಳಿತು. ಅಂಗಡಿಯಲ್ಲಿ 2,600 ಯೂರೊಗೆ ಮಾರುವ ಒಂದು ಚೀಲಕ್ಕೆ ಆ ತಯಾರಕರಿಗೆ ಕೊಟ್ಟದ್ದು 53 ಯೂರೊ. ಚರ್ಮದ ಬೆಲೆ ಅದರಲ್ಲಿ ಸೇರಿಲ್ಲ ಎಂಬುದನ್ನೂ ಹೇಳಬೇಕು. ಇಟಲಿಯ ಫ್ಯಾಷನ್ ಕಂಪನಿ ಅರ್ಮಾನಿಯ ಇಂಥದೇ ಪ್ರಕರಣದಲ್ಲಿ ಉಪಗುತ್ತಿಗೆದಾರನಿಗೆ 93 ಯೂರೊ ಸಿಕ್ಕ ಚೀಲವನ್ನು ನಡುವಿನ ಸರಬರಾಜುದಾರ ಕಂಪನಿಗೆ 250ಕ್ಕೆ ಕೊಟ್ಟಿದ್ದ. ಅಂಗಡಿಯ ಬೆಲೆ ಸುಮಾರು 1,800.

ಉಳಿದದ್ದರಲ್ಲಿ ತೆರಿಗೆಯೂ ದೊಡ್ಡ ಪಾಲು. ಇಟಲಿಯಲ್ಲಿ ಮೌಲ್ಯವರ್ಧಿತ ತೆರಿಗೆ ಶೇ. 22, ಅಂದರೆ 2,600ರಲ್ಲಿ ಸುಮಾರು 469 ಯೂರೊ ಸರ್ಕಾರಕ್ಕೆ. ಮಿಲಾನ್‌ನ ಮೊಂತೆ ನಾಪೊಲಿಯೊನೆ ಬೀದಿಯಂಥ ಜಾಗದ ಮಳಿಗೆ ಬಾಡಿಗೆ, ಜಾಹೀರಾತು, ಫ್ಯಾಷನ್ ಪ್ರದರ್ಶನಗಳ ಖರ್ಚು ಬೇರೆ. ಇವೆಲ್ಲ ಕಳೆದ ಮೇಲೂ, ಡಿಯೋರ್‌ನ ಒಡೆತನ ಹೊಂದಿರುವ ಎಲ್‌ವಿಎಂಎಚ್ ಸಮೂಹದ ಫ್ಯಾಷನ್ ಮತ್ತು ಚರ್ಮವಸ್ತು ವಿಭಾಗಕ್ಕೆ 2023ರಲ್ಲಿ ಮಾರಾಟದ ನೂರಕ್ಕೆ ಸುಮಾರು ನಲವತ್ತರಷ್ಟು ನಿರ್ವಹಣಾ ಲಾಭ ಉಳಿಯಿತು.

ಗಂಗಾವಳಿ (ಅಂಕೋಲಾ):
ಮೇಷ್ಟರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆಯ ಸಜ್ಜು ಮಾಡುವ ಕಾರ್ಯಾಗಾರವಾಗಿ ಆರಂಭವಾದ ಎರ್ಮೆಸ್‌ನಲ್ಲಿ ಇಂದಿಗೂ ಒಂದು ಚೀಲವನ್ನು ಸಾಮಾನ್ಯವಾಗಿ ಒಬ್ಬ ಕುಶಲಕರ್ಮಿಯೇ ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾರೆ. ಒಂದೇ ದಾರದ ಎರಡೂ ತುದಿಗೆ ಸೂಜಿ ಹಾಕಿ ಕೈಯಲ್ಲಿ ಹೊಲಿಯುವ ಅವರ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆ ಹಾಗಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಥ ಕೆಲಸಕ್ಕೆ ಹೆಚ್ಚು ಹಣ ಕೇಳಿದರೆ ನನಗೆ ಬೇಸರವಿಲ್ಲ. ಬೇಸರವಿರುವುದು ಬೆಲೆ ಏರಿಸುವ ಪರಿಯ ಮೇಲೆ. ಶನೆಲ್‌ನ ಪ್ರಸಿದ್ಧ ಮಧ್ಯಮ ಗಾತ್ರದ ಚೀಲದ ಬೆಲೆ 2019ರಿಂದೀಚೆಗೆ ಸುಮಾರು ದುಪ್ಪಟ್ಟಾಗಿ, 2024ರಲ್ಲಿ 10,000 ಯೂರೊ ದಾಟಿತು. ಆ ಅವಧಿಯಲ್ಲಿ ಹೊಲಿಯುವವರ ಕೂಲಿ ದುಪ್ಪಟ್ಟಾಯಿತೆಂದು ನಾನು ನಂಬುವುದಿಲ್ಲ. ದುಬಾರಿ ಎಂಬ ಕಾರಣಕ್ಕೇ ಕೊಳ್ಳುವವರು ಇರುವಾಗ, ಬೆಲೆ ಇಳಿಸುವುದು ಆ ಕಂಪನಿಗಳಿಗೆ ನಷ್ಟದ ಬಾಬ್ತು.

ಅಘನಾಶಿನಿ (ಸಿದ್ದಾಪುರ):
2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಫ್ಯಾಷನ್ ಕಂಪನಿ ಪ್ರಾಡಾ ತೋರಿಸಿದ ಚಪ್ಪಲಿಗಳು ನಮ್ಮ ಕೊಲ್ಹಾಪುರಿಯನ್ನೇ ಹೋಲುತ್ತಿದ್ದವು. ಆಕ್ಷೇಪ ಎದ್ದ ಮೇಲಷ್ಟೇ ಭಾರತೀಯ ಕರಕುಶಲ ಪಾದರಕ್ಷೆ ತಮಗೆ ಪ್ರೇರಣೆಯೆಂದು ಕಂಪನಿ ಒಪ್ಪಿತು. 2019ರಲ್ಲಿ ಕೊಲ್ಹಾಪುರಿಗೆ ಸಿಕ್ಕ, ಇಂಥ ಪ್ರದೇಶದ ವಸ್ತುವೆಂದು ಗುರುತಿಸುವ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅದೇ ವರ್ಷ ಶಿರಸಿ ಅಡಿಕೆಗೂ ಟ್ಯಾಗ್ ಬಂತು. ಟ್ಯಾಗ್ ಬಂದಮಾತ್ರಕ್ಕೆ ಬೆಳೆದವನಿಗೆ, ಹೊಲಿದವನಿಗೆ ದರ ಏರುವುದಿಲ್ಲ. ಮಾರುವಾಗ ಆ ಹೆಸರನ್ನು ಬಳಸುವ ಹಕ್ಕನ್ನು ಅವರೇ ಹಿಡಿದುಕೊಳ್ಳಬೇಕು. ಆದ್ದರಿಂದ ಕಾರವಾರದವರಲ್ಲಿ ಒಂದು ಸಲಹೆ: ನೀವು ಹೊಲಿದ ಪ್ರತಿ ಚೀಲದ ಒಳಗೆ ನಿಮ್ಮ ಅಂಗಡಿಯ ಹೆಸರನ್ನೂ ಊರನ್ನೂ ಅಚ್ಚೊತ್ತಿರಿ.

ಕಾಳಿತೀರ (ಕಾರವಾರ):
ಎಲ್ಲರಿಗೂ ಧನ್ಯವಾದಗಳು. ಅಚ್ಚಿನ ಜೊತೆಗೆ, ಇನ್ನು ಮುಂದೆ ಬಿಲ್ಲಿನಲ್ಲಿ ಚರ್ಮದ ಬೆಲೆಯನ್ನೂ ಹೊಲಿಗೆಯ ಕೂಲಿಯನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂದಿದ್ದೇನೆ. ಚೌಕಾಸಿ ಮಾಡುವವರು ಯಾರ ಪಾಲನ್ನು ಕಡಿಮೆ ಮಾಡಲು ಕೇಳುತ್ತಿದ್ದಾರೆಂದು ಅವರಿಗೂ ತಿಳಿಯಲಿ. ಚರ್ಮದ ಮೇಲೆ ಒತ್ತುವ ಹಿತ್ತಾಳೆಯ ಅಚ್ಚನ್ನು ನಮ್ಮ ಜಿಲ್ಲೆಯಲ್ಲಿ ಯಾರು ಮಾಡಿಕೊಡುತ್ತಾರೆಂದು ತಿಳಿದವರು ದಯವಿಟ್ಟು ತಿಳಿಸಿ.